ಚಿಟ್ಟೆ ಗೂಡಿನಿಂದ ಹೊರಬರುತ್ತದೆಯೇ? ಮಕ್ಕಳಿಗೆ ಕೀಟಗಳ ಚಿತ್ರಪುಸ್ತಕ ಕೊಡುವ ಮುನ್ನ ಇದನ್ನು ಓದಿ

ಪುಟ್ಟ ಮಕ್ಕಳು ಇರುವೆ ಸಾಲು ಕಂಡರೆ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡುತ್ತಾರೆ. ದೊಡ್ಡವರಾದ ನಾವು ‘ಛೀ, ಹುಳ! ಮುಟ್ಟಬೇಡ’ ಎಂದು ಎಳೆದುಕೊಂಡು ಹೋಗುತ್ತೇವೆ. ಎಲ್ಲ ಹುಳಕ್ಕೂ ಒಂದೇ ಸಮ ಹೆದರುವ ಮಗುವಿಗೆ ಯಾವುದು ನಿಜವಾಗಿ ಅಪಾಯ, ಯಾವುದು ಅಲ್ಲ ಎಂಬುದು ತಿಳಿಯುವುದೇ ಇಲ್ಲ. ನಿಜ ಸಂಗತಿ ಹೇಳುವ ಚಿತ್ರಪುಸ್ತಕಗಳು ಇದಕ್ಕೆ ಒಳ್ಳೆಯ ದಾರಿ. ಆದರೆ ಪುಸ್ತಕದ ಚಿತ್ರ ಸರಿಯಿದೆಯೇ ಎಂದು ನೋಡುವುದು ಹೇಗೆ?

ಚಿತ್ರದಿಂದಲೇ ಬಯಲಾದ ಸತ್ಯ

ಹುಳಗಳು ಕೆಸರು, ಕೊಳೆತ ವಸ್ತುಗಳಿಂದ ತಾವಾಗಿಯೇ ಹುಟ್ಟುತ್ತವೆ ಎಂದು ಯುರೋಪಿನಲ್ಲಿ ಬಹುಕಾಲ ನಂಬಿದ್ದರು. ಜರ್ಮನಿಯಲ್ಲಿ ಹುಟ್ಟಿದ ಚಿತ್ರಕಲಾವಿದೆ ಮರಿಯಾ ಸಿಬಿಲ್ಲಾ ಮೆರಿಯನ್ ಮರಿಹುಳುಗಳನ್ನು ಸಾಕಿ, ಅವು ಬದಲಾಗುವುದನ್ನು ಕಣ್ಣಾರೆ ನೋಡಿ ಚಿತ್ರ ಬರೆದರು. 1699ರಲ್ಲಿ, ತಮ್ಮ 52ನೇ ವಯಸ್ಸಿನಲ್ಲಿ, ಮಗಳೊಂದಿಗೆ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದರು. ಅಲ್ಲಿನ ಕೀಟಗಳ ಬಗೆಗಿನ ಅವರ ಪುಸ್ತಕ 1705ರಲ್ಲಿ ಪ್ರಕಟವಾಯಿತು. ಮರಿಹುಳು, ಕೋಶ, ಚಿಟ್ಟೆ ಮತ್ತು ಅದು ಬೆಳೆಯುವ ಗಿಡ, ಎಲ್ಲವನ್ನೂ ಒಂದೇ ಚಿತ್ರದಲ್ಲಿ ತೋರಿಸಿದ್ದು ಅವರ ಹೆಚ್ಚುಗಾರಿಕೆ. ಇಂದಿಗೂ ಒಳ್ಳೆಯ ಕೀಟ ಪುಸ್ತಕದ ಗುರುತು ಇದೇ.

ಪುಸ್ತಕ ಕೊಳ್ಳುವಾಗ ಏನು ನೋಡಬೇಕು?

1. ಕಾಲು ಎಣಿಸಿ. ಕೀಟಕ್ಕೆ 6 ಕಾಲು, ಆರೂ ದೇಹದ ನಡುಭಾಗಕ್ಕೆ ಅಂಟಿರುತ್ತವೆ. 4 ಕಾಲಿನ ಇರುವೆ ಕಂಡರೆ ಚಿತ್ರ ತಪ್ಪು.

2. ಜೇಡ ಕೀಟವಲ್ಲ. ಅದಕ್ಕೆ 8 ಕಾಲು. ಎರೆಹುಳು, ಜರಿ ಕೂಡ ಕೀಟಗಳಲ್ಲ. ಇವನ್ನೆಲ್ಲ ‘ಕೀಟಗಳು’ ಎಂದು ಒಂದೇ ಪಟ್ಟಿಗೆ ಸೇರಿಸಿದ ಚಾರ್ಟ್‌ಗಳನ್ನು ನಂಬಬೇಡಿ.

3. ಗೂಡೋ, ಕೋಶವೋ? ಎರಿಕ್ ಕಾರ್ಲ್ ಅವರ 1969ರ ಹೆಸರಾಂತ ಮಕ್ಕಳ ಪುಸ್ತಕ ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ನಲ್ಲೂ ಚಿಟ್ಟೆ ಗೂಡಿನಿಂದ ಹೊರಬರುತ್ತದೆ. ಅದು ಕತೆ, ಕತೆಯಾಗಿ ಚೆನ್ನಾಗಿದೆ. ಆದರೆ ನಿಜದಲ್ಲಿ ಬಹುತೇಕ ಚಿಟ್ಟೆಗಳು ಗೂಡು ನೇಯುವುದಿಲ್ಲ. ಮರಿಹುಳು ಕೊನೆಯ ಬಾರಿ ಪೊರೆ ಕಳಚಿದಾಗ ಒಳಗಿನಿಂದ ಗಟ್ಟಿಯಾದ ಕೋಶವೇ ಕಾಣಿಸುತ್ತದೆ. ನೂಲಿನ ಗೂಡು ಕಟ್ಟುವುದು ಹಲವು ಜಾತಿಯ ಪತಂಗಗಳು. ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗುವ ರೇಷ್ಮೆಗೂಡು ಅಂಥದ್ದೇ.

ಯಾವ ಭಯ ಸುಳ್ಳು, ಯಾವುದು ನಿಜ?

ಚಿಟ್ಟೆಯ ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಕುರುಡಾಗುತ್ತದೆ ಎಂಬ ಮಾತು ಸುಳ್ಳು. ಅದು ರೆಕ್ಕೆಯ ಮೇಲಿನ ಸಣ್ಣ ಸಣ್ಣ ಹುರುಪೆ. ಧೂಳು ಬಿದ್ದಂತೆ ಕಣ್ಣು ಉರಿಯಬಹುದು, ನೀರಿನಿಂದ ತೊಳೆದರೆ ಸಾಕು. ಏರೋಪ್ಲೇನ್ ಚಿಟ್ಟೆಗೂ ಕುಟುಕುವ ಮುಳ್ಳಿಲ್ಲ.

ಆದರೆ ಕಂಬಳಿಹುಳುವಿನ ಭಯ ನಿಜ. ಅದರ ರೋಮ ಚುಚ್ಚಿದರೆ ತುರಿಕೆ, ಉರಿ, ದದ್ದು ಬರುತ್ತದೆ. ಆಗ ಉಜ್ಜಬೇಡಿ. ಚರ್ಮದ ಮೇಲೆ ಗಮ್ ಟೇಪ್ ಅಂಟಿಸಿ ಕಿತ್ತರೆ ರೋಮ ಬರುತ್ತದೆ. ಬಳಿಕ ಸೋಪು, ನೀರಿನಿಂದ ತೊಳೆಯಿರಿ. ರೋಮ ಕಣ್ಣಿಗೆ ಹೋದರೆ ಅಥವಾ ಮಗುವಿಗೆ ಉಸಿರಾಡಲು ಕಷ್ಟವಾದರೆ ತಕ್ಷಣ ವೈದ್ಯರ ಬಳಿ ಹೋಗಿ. ಜೇನು, ಕಣಜದ ಗೂಡಿನ ಹತ್ತಿರ ಹೋಗಬಾರದು ಎಂಬುದನ್ನೂ ಚಿತ್ರ ತೋರಿಸಿಯೇ ಹೇಳಿಕೊಡಿ.

ಮನೆಯಲ್ಲಿ ಹೀಗೆ ಮಾಡಿ

ಪುಸ್ತಕ ಕೊಳ್ಳಲೇಬೇಕೆಂದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಮೊಬೈಲ್‌ನಲ್ಲೇ ಉಚಿತವಾಗಿ ಓದಬಹುದು.

ಓದಿದ ಮೇಲೆ ಮಗುವನ್ನು ನಿಂಬೆ ಅಥವಾ ಕರಿಬೇವಿನ ಗಿಡದ ಬಳಿ ಕರೆದೊಯ್ಯಿರಿ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಒರೆಸಬೇಡಿ, ಹತ್ತಿರದಿಂದ ನೋಡಿ. ಅದು ಚಿಟ್ಟೆಯ ಮರಿಹುಳು ಇರಬಹುದು. ದಿನಾ ಹೋಗಿ ನೋಡಿ, ಮುಟ್ಟದೆ, ಪುಸ್ತಕದ ಚಿತ್ರದ ಜೊತೆ ಹೋಲಿಸಿ. ನಾಲ್ಕು ಎಲೆ ಹೋದರೂ ಗಿಡ ಮತ್ತೆ ಚಿಗುರುತ್ತದೆ.

ನೆನಪಿರಲಿ: ಮಗುವಿಗೆ ಮೊದಲು ಕಲಿಸಬೇಕಾದ್ದು ‘ಮುಟ್ಟಬೇಡ’ ಅಲ್ಲ, ‘ಮೊದಲು ನೋಡು’. ಮುಟ್ಟಬಹುದೋ ಬಾರದೋ ಎಂಬುದು ನೋಡಿದ ಮೇಲಿನ ಮಾತು.