ಹಳದಿ ಅಂಗಿ ಯಾರದು?

ಹುಬ್ಬಳ್ಳಿಯಿಂದ ಶಿಗ್ಗಾವಿ ಕಡೆಗೆ ಹೆದ್ದಾರಿ ಹಿಡಿದು ಹೊರಟರೆ ನಡುವೆ ತಡಸ ಸಿಗುತ್ತದೆ. ಇಲ್ಲಿಯ ಹುಡುಗರ ಆಟವೆಂದರೆ ಕಬಡ್ಡಿ, ವಾಲಿಬಾಲ್. ಉಳಿದ ಹೊತ್ತೆಲ್ಲ ಕ್ರಿಕೆಟ್. ಫುಟ್‌ಬಾಲ್ ಈ ಭಾಗದ ಆಟವಲ್ಲ. ಆದರೂ ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬಂದಾಗ ಚಹಾದಂಗಡಿಯಲ್ಲಿ ಕುಳಿತವರನ್ನು ಯಾವ ತಂಡ ನಿಮ್ಮದು ಎಂದು ಕೇಳಿ ನೋಡಿ. ಆ ದೇಶ ಭೂಪಟದಲ್ಲಿ ಎಲ್ಲಿದೆ ಎಂದು ಹೇಳಲಾರದವರೂ ಥಟ್ಟನೆ ಹೇಳುವ ಹೆಸರುಗಳಲ್ಲಿ ಬ್ರೆಜಿಲ್ ಒಂದು.

ತಡಸದಿಂದ ಇದೇ ಹೆದ್ದಾರಿಯಲ್ಲಿ ಮುಂದೆ ಸಾಗಿದರೆ ಹಾವೇರಿ, ದಾವಣಗೆರೆ, ಚಿತ್ರದುರ್ಗ ದಾಟಿ ಬೆಂಗಳೂರು. ಅಲ್ಲಿ ಹಲಸೂರಿನ ಹತ್ತಿರ ಗೌತಮಪುರ ಎಂಬ ಬಡವರ ಬಡಾವಣೆಯಿದೆ. ಜನ ಅದನ್ನು ‘ಮಿನಿ ಬ್ರೆಜಿಲ್’ ಎಂದು ಕರೆಯುತ್ತಾರೆ. ಬುದ್ಧ, ಡಾ. ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆಗೆ ಅಲ್ಲಿ ನಾಲ್ಕನೆಯ ಪ್ರತಿಮೆಯೊಂದಿದೆ. ಅದು ಬ್ರೆಜಿಲ್‌ನ ಆಟಗಾರ ಪೆಲೆಯದು. 2022ರ ಡಿಸೆಂಬರ್ 29ರಂದು ತಮ್ಮ 82ನೆಯ ವಯಸ್ಸಿನಲ್ಲಿ ಪೆಲೆ ತೀರಿಕೊಂಡಾಗ ಈ ಬಡಾವಣೆ ತನ್ನ ಮನೆಯವರನ್ನೇ ಕಳೆದುಕೊಂಡಂತೆ ಶೋಕಿಸಿತು.

ಒಬ್ಬ ಚೆಂಡಾಟಗಾರ ಅಂಬೇಡ್ಕರ್ ಅವರ ಪಕ್ಕದಲ್ಲಿ ಹೇಗೆ ನಿಂತ? ಅಭಿಮಾನದ ಅತಿರೇಕ ಎಂದು ನಕ್ಕು ಮುಂದೆ ಹೋಗಬಹುದು. ಆದರೆ ಬ್ರೆಜಿಲ್ ತಂಡದ ಇತಿಹಾಸವನ್ನು ಓದಿದವರು ಹಾಗೆ ನಗಲಾರರು.

ದೊರೆಗಳ ಆಟ

ಬ್ರೆಜಿಲ್‌ಗೆ ಫುಟ್‌ಬಾಲ್ ತಂದವನು ಚಾರ್ಲ್ಸ್ ಮಿಲ್ಲರ್. ತಂದೆ ಸ್ಕಾಟ್ಲೆಂಡಿನಿಂದ ಬಂದು ರೈಲ್ವೆಯಲ್ಲಿ ದುಡಿದವನು. ಇಂಗ್ಲೆಂಡಿನಲ್ಲಿ ಓದು ಮುಗಿಸಿ 1894ರಲ್ಲಿ ಸಾವೊ ಪಾಲೊ ನಗರಕ್ಕೆ ಮರಳಿದ ಮಿಲ್ಲರ್‌ನ ಪೆಟ್ಟಿಗೆಯಲ್ಲಿ ಎರಡು ಚೆಂಡುಗಳೂ ನಿಯಮಗಳ ಒಂದು ಪುಸ್ತಕವೂ ಇದ್ದವು. ಬೆಂಗಳೂರಿನ ದಂಡು ಪ್ರದೇಶಕ್ಕೆ ಈ ಆಟ ಬಂದದ್ದು ಬ್ರಿಟಿಷ್ ಸೈನಿಕರ ಮೂಲಕ. ಎರಡೂ ಕಡೆ ಮೊದಲು ಆಡಿದವರು ದೊರೆಗಳು. ಸುತ್ತ ನಿಂತು ನೋಡಿದವರು ಅವರ ಕೈಕೆಳಗೆ ದುಡಿಯುತ್ತಿದ್ದ ಜನ.

ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ, ಅಂದರೆ ಮಿಲ್ಲರ್ ಚೆಂಡು ತರುವುದಕ್ಕೆ ಕೇವಲ ಆರು ವರ್ಷ ಮೊದಲು. ಆಫ್ರಿಕದಿಂದ ತಂದ ಲಕ್ಷಾಂತರ ಜನರ ಮಕ್ಕಳು ಮೊಮ್ಮಕ್ಕಳು ಕಾನೂನಿನಲ್ಲಿ ಸ್ವತಂತ್ರರಾಗಿದ್ದರು. ಆದರೆ ಸಿರಿವಂತರ ಕ್ಲಬ್ಬುಗಳ ಬಾಗಿಲು ಅವರಿಗೆ ತೆರೆದಿರಲಿಲ್ಲ. 1914ರಲ್ಲಿ ರಿಯೊ ಡಿ ಜನೈರೊದ ಫ್ಲುಮಿನೆನ್ಸೆ ಕ್ಲಬ್ಬಿನ ಮಿಶ್ರವರ್ಣದ ಆಟಗಾರನೊಬ್ಬ ಮುಖಕ್ಕೆ ಅಕ್ಕಿಪುಡಿ ಬಳಿದುಕೊಂಡು ಮೈದಾನಕ್ಕೆ ಇಳಿಯುತ್ತಿದ್ದನೆಂಬ ಕಥೆ ಆ ದೇಶದಲ್ಲಿ ಇಂದಿಗೂ ಪ್ರಸಿದ್ಧ. ಬೆವರು ಇಳಿದಂತೆ ಬಣ್ಣ ಬಯಲಾಗುತ್ತಿತ್ತು. ಎದುರು ಪಕ್ಷದವರು ಕೂಗಿ ಹಂಗಿಸುತ್ತಿದ್ದರು.

ಅದೇ 1914ರ ಜುಲೈಯಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ತಂಡ ಇಂಗ್ಲೆಂಡಿನ ಎಕ್ಸೆಟರ್ ಸಿಟಿ ಕ್ಲಬ್ಬಿನ ವಿರುದ್ಧ ತನ್ನ ಮೊದಲ ಪಂದ್ಯವನ್ನಾಡಿ 2–0ರಿಂದ ಗೆದ್ದಿತು. 1919ರಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ಕೂಡ ಆಯಿತು. ನಿರ್ಣಾಯಕ ಪಂದ್ಯದಲ್ಲಿ ಉರುಗ್ವೆ ವಿರುದ್ಧ ಏಕೈಕ ಗೋಲು ಹೊಡೆದವನು ಆರ್ಥರ್ ಫ್ರೀಡನ್‌ರೈಕ್. ಅವನ ತಂದೆ ಜರ್ಮನ್ ಮೂಲದವನು, ತಾಯಿ ಆಫ್ರಿಕ ಮೂಲದವಳು. ದೇಶ ಅವನನ್ನು ಹೊತ್ತು ಕುಣಿಯಿತು. ಆದರೆ ಎರಡೇ ವರ್ಷಗಳ ನಂತರ, 1921ರ ಟೂರ್ನಿಗೆ ಅರ್ಜೆಂಟೀನಕ್ಕೆ ಹೊರಟ ತಂಡದಲ್ಲಿ ಅವನಿರಲಿಲ್ಲ. ಕಪ್ಪು ಹಾಗೂ ಮಿಶ್ರವರ್ಣದವರು ಪರದೇಶದಲ್ಲಿ ಬ್ರೆಜಿಲನ್ನು ಪ್ರತಿನಿಧಿಸುವುದು ಅಂದಿನ ಅಧ್ಯಕ್ಷ ಎಪಿಟಾಸಿಯೊ ಪೆಸೋವಾ ಅವರಿಗೆ ಬೇಡವಾಗಿತ್ತು ಎಂದು ಇತಿಹಾಸಕಾರರು ಬರೆದಿದ್ದಾರೆ.

ಗೆದ್ದಾಗ ನಮ್ಮವನು, ಪಂಕ್ತಿಯಲ್ಲಿ ಕೂರುವಾಗ ಹೊರಗಿನವನು. ಕುಲದ ಹಮ್ಮನ್ನು ಪ್ರಶ್ನಿಸಿದ ಕನಕದಾಸರು ಹುಟ್ಟಿದ ಬಾಡ ಗ್ರಾಮ ನಮ್ಮ ಶಿಗ್ಗಾವಿ ತಾಲ್ಲೂಕಿನದೇ. ಈ ಸೀಮೆಯವರಿಗೆ ಬ್ರೆಜಿಲ್‌ನ ಆ ನಡವಳಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಪತ್ರ

ಬದಲಾವಣೆಯ ಮೊದಲ ಹೆಜ್ಜೆಯನ್ನಿಟ್ಟದ್ದು ರಾಷ್ಟ್ರೀಯ ತಂಡವಲ್ಲ, ಒಂದು ಕ್ಲಬ್. ರಿಯೊದ ವಾಸ್ಕೊ ಡ ಗಾಮ ಕ್ಲಬ್ಬನ್ನು ಕಟ್ಟಿದವರು ಪೋರ್ಚುಗಲ್ ಮೂಲದ ವಲಸಿಗರು. ಕಪ್ಪು ಜನರನ್ನೂ ಬಡ ಕಾರ್ಮಿಕರನ್ನೂ ಸೇರಿಸಿಕೊಂಡು ಅದು 1923ರ ರಿಯೊ ಲೀಗ್ ಗೆದ್ದುಬಿಟ್ಟಿತು. ದೊಡ್ಡ ಕ್ಲಬ್ಬುಗಳಿಗೆ ಇದನ್ನು ಸಹಿಸಲಾಗಲಿಲ್ಲ. ಅವು ಬೇರೆಯೇ ಸಂಘ ಕಟ್ಟಿಕೊಂಡು, ‘ನಿಮ್ಮ 12 ಆಟಗಾರರನ್ನು ಕೈಬಿಟ್ಟರೆ ಮಾತ್ರ ಪ್ರವೇಶ’ ಎಂದು ಷರತ್ತು ಹಾಕಿದವು. ಬಣ್ಣದ ಮಾತನ್ನು ನೇರವಾಗಿ ಆಡಲಿಲ್ಲ. ಅವರ ಉದ್ಯೋಗ, ಓದು ಬರಹ ಸರಿಯಿಲ್ಲ ಎಂಬ ನೆಪ ಮುಂದೆ ಮಾಡಿದವು. 1924ರ ಏಪ್ರಿಲ್ 7ರಂದು ವಾಸ್ಕೊ ಅಧ್ಯಕ್ಷರು ಪತ್ರ ಬರೆದು ಆ ಷರತ್ತನ್ನು ತಿರಸ್ಕರಿಸಿದರು. ಆ ಪತ್ರ ಬ್ರೆಜಿಲ್‌ನಲ್ಲಿ ಈಗ ‘ಐತಿಹಾಸಿಕ ಉತ್ತರ’ ಎಂದೇ ಹೆಸರಾಗಿದೆ. 1933ರಲ್ಲಿ ಆಟಗಾರರಿಗೆ ಸಂಬಳ ಕೊಡುವ ಪದ್ಧತಿ ಬಂದ ಮೇಲೆ ಬಡವರ ಮಕ್ಕಳಿಗೆ ಬಾಗಿಲು ಇನ್ನಷ್ಟು ತೆರೆಯಿತು.

ಇದರ ಫಲ 1938ರ ಫ್ರಾನ್ಸ್ ವಿಶ್ವಕಪ್‌ನಲ್ಲಿ ಕಂಡಿತು. 1930 ಮತ್ತು 1934ರಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದಿದ್ದ ತಂಡ ಈ ಸಲ ಮೂರನೆಯ ಸ್ಥಾನ ಪಡೆಯಿತು. ಏಳು ಗೋಲು ಹೊಡೆದು ಟೂರ್ನಿಯಲ್ಲೇ ಮೊದಲಿಗನಾದವನು ಕಪ್ಪು ಆಟಗಾರ ಲಿಯೊನಿಡಾಸ್.

1950: ಎರಡು ಗೈರುಹಾಜರಿ

1950ರ ವಿಶ್ವಕಪ್ ಬ್ರೆಜಿಲ್‌ನಲ್ಲೇ ನಡೆಯಿತು. ಅದಕ್ಕೆಂದೇ ರಿಯೊದಲ್ಲಿ ಮರಕಾನ ಎಂಬ ಬೃಹತ್ ಕ್ರೀಡಾಂಗಣ ಕಟ್ಟಿದರು. ಈ ಕಥೆಯಲ್ಲಿ ನಮ್ಮದೂ ಒಂದು ಪಾಲಿದೆ. ಏಷ್ಯಾ ವಲಯದ ಉಳಿದ ತಂಡಗಳು ಹಿಂದೆ ಸರಿದಿದ್ದರಿಂದ ಭಾರತಕ್ಕೆ ಆಡದೆಯೇ ಅರ್ಹತೆ ಸಿಕ್ಕಿತ್ತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ಹೆಸರೂ ಬಂದಿತ್ತು. ಆದರೆ ಭಾರತ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದು ಹೋಗಲಿಲ್ಲ ಎಂಬುದು ಜನಜನಿತ ಕಥೆ. ಫೆಡರೇಶನ್ ಅಂದು ಕೊಟ್ಟ ಕಾರಣ ಬೇರೆ: ಅಭ್ಯಾಸಕ್ಕೆ ಸಮಯ ಸಾಲದು, ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ. ಅಂದಿನವರಿಗೆ ವಿಶ್ವಕಪ್‌ಗಿಂತ ಒಲಿಂಪಿಕ್ಸ್ ದೊಡ್ಡದಾಗಿ ಕಂಡಿತ್ತು ಎಂಬುದೂ ನಿಜ.

ಆ ತಂಡ ಹೋಗಿದ್ದರೆ ಬೆಂಗಳೂರಿನ ಹುಡುಗರೂ ಹೋಗಿರುತ್ತಿದ್ದರೇನೋ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1–2ರಿಂದ ಸೋತ ಪಂದ್ಯದಲ್ಲಿ ಭಾರತದ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಅವರ ಚೆಂಡಿನ ಹಿಡಿತ ಕಂಡು ಜನ ಅವರನ್ನು ‘ಹಾವಾಡಿಗ’ ಎಂದು ಕರೆದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ವಿರುದ್ಧ 1–10ರಿಂದ ಸೋತಾಗಲೂ ನಮ್ಮ ಏಕೈಕ ಗೋಲು ಅವರದೇ. ಅಂದಿನ ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದ ಬಲಿಷ್ಠ ನೆಲವಾಗಿತ್ತು.

ಭಾರತದ ಗೈರುಹಾಜರಿಯನ್ನು ಬ್ರೆಜಿಲ್ ಗಮನಿಸಿದಂತಿಲ್ಲ. ಅದಕ್ಕೆ ಕಾದಿದ್ದದ್ದು ಗೆಲುವಿನ ಗೈರುಹಾಜರಿ. 1950ರ ಜುಲೈ 16ರಂದು ಉರುಗ್ವೆ ವಿರುದ್ಧ ಕೊನೆಯ ಪಂದ್ಯ. ಸಮ ಮಾಡಿಕೊಂಡರೂ ಕಪ್ ತಮ್ಮದು. ಸುಮಾರು ಎರಡು ಲಕ್ಷ ಜನ ಸೇರಿದ್ದರು. ಫ್ರಿಯಾಸಾ ಮೊದಲ ಗೋಲು ಹೊಡೆದ. ಆಮೇಲೆ ಉರುಗ್ವೆಯ ಶಿಯಾಫಿನೊ, 79ನೆಯ ನಿಮಿಷದಲ್ಲಿ ಗಿಜಿಯಾ ಹೊಡೆದರು. 2–1. ಮರಕಾನ ಸ್ಮಶಾನದಂತೆ ಮೌನವಾಯಿತು.

ಸೋಲಿಗೆ ಯಾರನ್ನಾದರೂ ಹೊಣೆ ಮಾಡಬೇಕಿತ್ತು. ದೇಶ ಬೆರಳು ತೋರಿಸಿದ್ದು ಗೋಲ್‌ಕೀಪರ್ ಬಾರ್ಬೋಸ, ರಕ್ಷಣಾ ಆಟಗಾರರಾದ ಬಿಗೋಡೆ ಮತ್ತು ಜುವೆನಾಲ್ ಕಡೆಗೆ. ಮೂವರೂ ಕಪ್ಪು ಜನ. ತಮ್ಮ ಕಾಲದ ಶ್ರೇಷ್ಠ ಗೋಲ್‌ಕೀಪರ್ ಆಗಿದ್ದ ಬಾರ್ಬೋಸ ಆ ಒಂದು ಗೋಲನ್ನು ಸಾಯುವ ತನಕ ಹೊತ್ತು ತಿರುಗಿದರು. 1993ರಲ್ಲಿ ರಾಷ್ಟ್ರೀಯ ತಂಡದ ಅಭ್ಯಾಸ ಶಿಬಿರಕ್ಕೆ ಹೋದಾಗ ಅಪಶಕುನವೆಂದು ಅವರನ್ನು ಒಳಗೆ ಬಿಡಲಿಲ್ಲ. ಬ್ರೆಜಿಲ್ ಕಾನೂನಿನಲ್ಲಿ ಗರಿಷ್ಠ ಶಿಕ್ಷೆ 30 ವರ್ಷ, ತಮ್ಮದು ಮಾತ್ರ ಮುಗಿಯಲೇ ಇಲ್ಲ ಎಂದು ಅವರು ಕೊನೆಗಾಲದಲ್ಲಿ ನೊಂದು ಹೇಳಿಕೊಂಡಿದ್ದರು. 2000ದಲ್ಲಿ ತೀರಿಕೊಂಡರು.

ಪತ್ರಿಕೆಯ ಸ್ಪರ್ಧೆಯಲ್ಲಿ ಹುಟ್ಟಿದ ಅಂಗಿ

ಅಂದು ಬ್ರೆಜಿಲ್ ತೊಟ್ಟದ್ದು ಬಿಳಿ ಅಂಗಿ. ಸೋತ ಮೇಲೆ ಆ ಬಣ್ಣವೂ ಬೇಡವಾಯಿತು. ‘ಕೊರೆಯೊ ಡ ಮಾನ್ಯಾ’ ಎಂಬ ದಿನಪತ್ರಿಕೆ 1953ರಲ್ಲಿ ಹೊಸ ಸಮವಸ್ತ್ರಕ್ಕಾಗಿ ಸ್ಪರ್ಧೆ ನಡೆಸಿತು. ಧ್ವಜದ ನಾಲ್ಕೂ ಬಣ್ಣ, ಅಂದರೆ ಹಸಿರು, ಹಳದಿ, ನೀಲಿ, ಬಿಳಿ ಇರಲೇಬೇಕು ಎಂಬುದು ಷರತ್ತು. ಗೆದ್ದವನು ಆಲ್ದಿರ್ ಶ್ಲೀ ಎಂಬ 19ರ ತರುಣ. ಹಳದಿ ಅಂಗಿ, ಹಸಿರು ಅಂಚು, ಬಿಳಿ ಪಟ್ಟಿಯ ನೀಲಿ ಚಡ್ಡಿ. 1954ರಿಂದ ಅದೇ ಬ್ರೆಜಿಲ್‌ನ ಗುರುತು. ಸ್ವಾರಸ್ಯವೆಂದರೆ ಉರುಗ್ವೆ ಗಡಿಯ ಪಟ್ಟಣದಲ್ಲಿ ಬೆಳೆದ ಈ ತರುಣನ ಒಲವು ಉರುಗ್ವೆ ತಂಡದ ಕಡೆಗಿತ್ತು! ಗಡಿಯಲ್ಲಿ ಬಾಳುವ ಕನ್ನಡಿಗರಿಗೆ ಇಂಥ ಎರಡು ಮನಸ್ಸು ಹೊಸದಲ್ಲ.

1958ರಲ್ಲಿ ಸ್ವೀಡನ್‌ಗೆ ಹೋದ ತಂಡದಲ್ಲಿ 17ರ ಹುಡುಗ ಪೆಲೆ ಇದ್ದ. ಬಾಲ್ಯದಲ್ಲಿ ಕಾಲುಚೀಲಕ್ಕೆ ಕಾಗದ ತುರುಕಿ ಚೆಂಡು ಮಾಡಿಕೊಂಡವನು, ಬೂಟು ಪಾಲಿಶ್ ಮಾಡಿ ಕಾಸು ಗಳಿಸಿದವನು. ಜೊತೆಗೆ ಹುಟ್ಟಿನಿಂದಲೇ ಸೊಟ್ಟ ಕಾಲುಗಳಿದ್ದ ಗರಿಂಚ. ಇವರಿಬ್ಬರೂ ವಿಶ್ವಕಪ್‌ಗೆ ಮಾನಸಿಕವಾಗಿ ತಕ್ಕವರಲ್ಲ ಎಂದು ತಂಡದ ಮನಶ್ಶಾಸ್ತ್ರಜ್ಞರು ವರದಿ ಕೊಟ್ಟಿದ್ದರು. ತರಬೇತುದಾರ ಫಿಯೋಲ ಅದನ್ನು ಪಕ್ಕಕ್ಕಿಟ್ಟು ಮೂರನೆಯ ಪಂದ್ಯದಿಂದ ಇಬ್ಬರನ್ನೂ ಇಳಿಸಿದರು. ಜೂನ್ 29ರ ಫೈನಲ್‌ನಲ್ಲಿ ಸ್ವೀಡನ್ 2–5ರಿಂದ ಸೋತಿತು. ಎರಡು ಗೋಲು ಪೆಲೆಯದು. ಎದುರಾಳಿಯದೂ ಹಳದಿ ಅಂಗಿಯಾಗಿದ್ದರಿಂದ ಅಂದು ಬ್ರೆಜಿಲ್ ತೊಟ್ಟದ್ದು ಅವಸರದಲ್ಲಿ ಹೊಂದಿಸಿದ ನೀಲಿ ಅಂಗಿ. ಪೆಲೆ, ಗರಿಂಚ ಒಟ್ಟಿಗೆ ಆಡಿದ ಯಾವ ಪಂದ್ಯವನ್ನೂ ಬ್ರೆಜಿಲ್ ಮುಂದೆಂದೂ ಸೋಲಲಿಲ್ಲ. 1962ರಲ್ಲಿ ಪೆಲೆ ಗಾಯಗೊಂಡಾಗ ಗರಿಂಚ ತಂಡವನ್ನು ದಡ ಮುಟ್ಟಿಸಿದ. 1970ರಲ್ಲಿ ಮೆಕ್ಸಿಕೊದಲ್ಲಿ ಇಟಲಿಯನ್ನು 4–1ರಿಂದ ಸೋಲಿಸಿ, ಮೂರನೆಯ ಸಲ ಗೆದ್ದ ಬ್ರೆಜಿಲ್ ಜೂಲ್ಸ್ ರಿಮೆ ಕಪ್ಪನ್ನು ಶಾಶ್ವತವಾಗಿ ಪಡೆಯಿತು. ಆ ಕಪ್ಪು 1983ರಲ್ಲಿ ರಿಯೊದಲ್ಲಿ ಕಳುವಾಗಿ ಮತ್ತೆ ಸಿಗಲೇ ಇಲ್ಲ.

ಅಧಿಕಾರದ ಕೈಗೆ

1970ರ ಗೆಲುವಿಗೆ ಇನ್ನೊಂದು ಮುಖವೂ ಇತ್ತು. 1964ರಿಂದ ಬ್ರೆಜಿಲ್ ಸೇನಾಡಳಿತದಲ್ಲಿತ್ತು. ಭಿನ್ನಮತೀಯರು ಸೆರೆಮನೆಗಳಲ್ಲಿದ್ದರು. ಅಧ್ಯಕ್ಷ ಜನರಲ್ ಮೆಡಿಸಿ ಆ ಗೆಲುವನ್ನು ತಮ್ಮ ಸರ್ಕಾರದ ಗೆಲುವೆಂಬಂತೆ ಬಳಸಿಕೊಂಡರು. ಅರ್ಹತಾ ಪಂದ್ಯಗಳಲ್ಲಿ ತಂಡವನ್ನು ಗೆಲ್ಲಿಸಿದ್ದ ತರಬೇತುದಾರ, ಪತ್ರಕರ್ತ ಹಾಗೂ ಕಮ್ಯುನಿಸ್ಟ್ ಜೊವಾವೊ ಸಾಲ್ಡಾನ್ಯ ಅವರನ್ನು ಟೂರ್ನಿಗೆ ಕೆಲವೇ ತಿಂಗಳಿರುವಾಗ ತೆಗೆದುಹಾಕಲಾಗಿತ್ತು. ಪೆಲೆ ಆ ದಿನಗಳಲ್ಲಿ ಬಾಯಿ ಬಿಡಲಿಲ್ಲ ಎಂಬ ಟೀಕೆ ಅವರ ಜೀವನದುದ್ದಕ್ಕೂ ಉಳಿಯಿತು. ಬಾಯಿ ಬಿಟ್ಟವನು ಮುಂದಿನ ಪೀಳಿಗೆಯ ಸಾಕ್ರೆಟಿಸ್. ವೃತ್ತಿಯಿಂದ ವೈದ್ಯ, 1982ರ ತಂಡದ ನಾಯಕ. ತನ್ನ ಕೊರಿಂಥಿಯನ್ಸ್ ಕ್ಲಬ್ಬಿನಲ್ಲಿ ಆಟಗಾರರಿಗೂ ನೌಕರರಿಗೂ ಸಮಾನ ಮತವಿರುವ ಪದ್ಧತಿ ತಂದು, ಸೇನಾಡಳಿತದ ನಡುವೆಯೇ ಪ್ರಜಾಪ್ರಭುತ್ವದ ಮಾತಾಡಿದ.

1994 ಮತ್ತು 2002ರಲ್ಲಿ ಮತ್ತೆರಡು ಕಪ್ ಬಂದವು. 2014ರ ಜುಲೈ 8ರಂದು ತಾಯ್ನೆಲದಲ್ಲೇ ಜರ್ಮನಿಗೆ 1–7ರಿಂದ ಸೋತ ಪೆಟ್ಟು ಕೂಡ ಬಂತು. ಅಂಗಿಗೂ ಪೆಟ್ಟು ತಪ್ಪಲಿಲ್ಲ. ಬೊಲ್ಸೊನಾರೊ ಬೆಂಬಲಿಗರು ಹಳದಿ ಅಂಗಿಯನ್ನು ತಮ್ಮ ಪಕ್ಷದ ಗುರುತಾಗಿ ಮಾಡಿಕೊಂಡಾಗ, ಉಳಿದ ಅನೇಕರು ಅದನ್ನು ತೊಡಲು ಹಿಂಜರಿದರು. 2023ರ ಜನವರಿ 8ರಂದು ರಾಜಧಾನಿ ಬ್ರೆಜಿಲಿಯದಲ್ಲಿ ಸಂಸತ್ತು, ನ್ಯಾಯಾಲಯಗಳಿಗೆ ನುಗ್ಗಿದ ಗುಂಪಿನಲ್ಲಿಯೂ ಅದೇ ಅಂಗಿ ಕಂಡಿತು. ತನ್ನ ಅಂಗಿ ಹೀಗೆ ಅಧಿಕಾರದವರ ಪಾಲಾದುದನ್ನು ಸಹಿಸದ ಶ್ಲೀ 2018ರಲ್ಲೇ ತೀರಿಕೊಂಡಿದ್ದರು.

ಮತ್ತೆ ಗೌತಮಪುರ

ಈಗ ಆ ಪ್ರತಿಮೆಗೆ ಮರಳೋಣ. ಗೌತಮಪುರದ ಹಿರಿಯರು ದಂಡು ಪ್ರದೇಶದಲ್ಲಿ ದುಡಿದ ಜನರ ಮಕ್ಕಳು. ಅವರಿಗೆ ಚೆಂಡು ಮನರಂಜನೆ ಮಾತ್ರವಾಗಿರಲಿಲ್ಲ. ಚೆನ್ನಾಗಿ ಆಡುವ ಹುಡುಗನಿಗೆ ಎಚ್‌ಎಎಲ್, ಐಟಿಐಗಳಂಥ ಸಾರ್ವಜನಿಕ ಉದ್ದಿಮೆಗಳ ತಂಡದಲ್ಲಿ ಜಾಗ ಸಿಕ್ಕರೆ, ಒಂದು ಮನೆ ಬಡತನದಿಂದ ಮೇಲೆ ಬರುತ್ತಿತ್ತು. ಅಂಬೇಡ್ಕರ್ ತೋರಿದ್ದು ಓದಿನ ದಾರಿ. ಪೆಲೆಯ ಬದುಕು ತೋರಿದ್ದು ಆಟದ ದಾರಿ. ಎರಡೂ ಹೇಳುವ ಮಾತು ಒಂದೇ: ಹುಟ್ಟು ಯಾರ ಹಾದಿಯನ್ನೂ ಕಟ್ಟಬಾರದು.

ಆ ದಾರಿ ಈಗ ಕಿರಿದಾಗಿದೆ. ಉದ್ದಿಮೆಗಳ ತಂಡಗಳು ಒಂದೊಂದಾಗಿ ಸೊರಗಿದವು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತಾದರೂ, ಅದಕ್ಕೆ 54 ವರ್ಷ ಕಾಯಬೇಕಾಯಿತು. ತಡಸದಂಥ ಊರುಗಳ ಹುಡುಗರಿಗಂತೂ ಆ ದಾರಿ ತೆರೆದದ್ದೇ ಕಡಿಮೆ.

ಬ್ರೆಜಿಲ್ ತಂಡ ಐದು ಕಪ್ ಗೆದ್ದದ್ದು ಆ ನೆಲದ ಮಣ್ಣಿನ ಗುಣದಿಂದಲ್ಲ, ನೆತ್ತರಿನ ಗುಣದಿಂದಲೂ ಅಲ್ಲ. ಹೊರಗೆ ನಿಲ್ಲಿಸಿದ್ದ ಜನರನ್ನು ಒಳಗೆ ಬಿಟ್ಟ ಮೇಲೆ ಗೆದ್ದಿತು. ಅಕ್ಕಿಪುಡಿ ಬಳಿದುಕೊಂಡವನಿಂದ ಹಿಡಿದು ಬಾರ್ಬೋಸನ ತನಕ ಎಷ್ಟೋ ಮಂದಿ ಅದಕ್ಕೆ ಬೆಲೆ ತೆತ್ತರು. ಹಳದಿ ಅಂಗಿ ಯಾರದು ಎಂಬ ಪ್ರಶ್ನೆಗೆ ಗೌತಮಪುರ ತನ್ನ ಬೀದಿಯಲ್ಲೇ ಉತ್ತರ ಬರೆದಿಟ್ಟಿದೆ.