ಉಸಿರಿಗೂ ಒಂದು ಚರಿತ್ರೆ ಇದೆ



ಸ್ವಲ್ಪ ದೊಡ್ಡ ಬರಹ. ಬಿಡುವಾದಾಗ ಓದಿ, ಆದರೆ ಪೂರ್ತಿ ಓದಿ.

ಮಳೆಗಾಲ ಹಿಡೀತು ಅಂದ್ರೆ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಎರಡು ಮೂರು ವರ್ಷದ ಮಕ್ಕಳಿಗೆ ಉಬ್ಬಸ ಶುರುವಾಗುತ್ತೆ. ಮೊದಲು ನೆಗಡಿ, ಆಮೇಲೆ ಕೆಮ್ಮು, ಮೂರನೇ ರಾತ್ರಿಗೆ ಎದೆಯಲ್ಲಿ ಸುಯ್ ಸುಯ್ ಸದ್ದು. ಮಗು ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತೆ, ಹಾಲು ಕುಡಿಯಲ್ಲ, ಮಲಗಲ್ಲ. ಆಸ್ಪತ್ರೆಗೆ ಹೋದರೆ ನೆಬುಲೈಸರ್, ಆಕ್ಸಿಜನ್, ಮೂರು ನಾಲ್ಕು ದಿನ ಅಡ್ಮಿಟ್. ಮನೆಗೆ ಬಂದು ತಿಂಗಳಾಗುವಷ್ಟರಲ್ಲಿ ಮತ್ತೆ ಅದೇ ವಾರ್ಡು. ಮಗುವಿನ ತಾಯಿಯನ್ನು ಕೇಳಿದರೆ ಬರುವ ಉತ್ತರ ಒಂದೇ: "ಏನ್ ಮಾಡೋದಣ್ಣ, ಇವನ ಹಣೆಬರಹ."

ಈ 'ಹಣೆಬರಹ' ಅನ್ನೋ ಮಾತಿನ ಬಗ್ಗೆಯೇ ಇವತ್ತು ಬರೀತಿದ್ದೀನಿ. ನಮ್ಮ ಹಣೆಯ ಮೇಲೆ ಯಾರೋ ಬರೆದದ್ದನ್ನು ಓದಿ ಅಳಿಸೋದು ಹೇಗೆ ಅಂತ ಬಾಬಾಸಾಹೇಬರು ಕಲಿಸಿದ್ದಾರೆ. ಭೂಮಿಯ ವಿಷಯದಲ್ಲಿ, ಮೀಸಲಾತಿಯ ವಿಷಯದಲ್ಲಿ ಕಲಿತಿದ್ದೀವಿ. ಉಸಿರಿನ ವಿಷಯದಲ್ಲಿ ಮಾತ್ರ ಇನ್ನೂ ವಿಧಿ ಅಂತಲೇ ಕೂತಿದ್ದೀವಿ.

ಒಂದು ಹಳೆಯ ಪತ್ರದಿಂದ ಶುರು ಮಾಡ್ತೀನಿ. 1929ರ ಡಿಸೆಂಬರಿನಲ್ಲಿ ಗಾಂಧೀಜಿಯವರ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾ ಮಾಸ್ತರರ ಕಥೆ ಬಂತು. ಬಾಬಾಸಾಹೇಬರು ಅದನ್ನು ತಮ್ಮ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಸೇರಿಸಿದ್ದಾರೆ. ಮಾಸ್ತರರ ಹೆಂಡತಿಗೆ ಹೆರಿಗೆಯಾಗಿ ಎರಡು ದಿನಕ್ಕೆ ಕಾಯಿಲೆ. ಉಸಿರಾಡೋಕೆ ಕಷ್ಟ, ಪಕ್ಕೆಯಲ್ಲಿ ನೋವು. ಡಾಕ್ಟರು ಕೇರಿಗೆ ಬರಲ್ಲ ಅಂದ. ಊರಿನ ದೊಡ್ಡವರ ಕಾಲು ಹಿಡಿದು, ಎರಡು ರೂಪಾಯಿ ಫೀಸಿಗೆ ಜಾಮೀನು ಕೊಡಿಸಿದ ಮೇಲೆ ಬಂದ. ಆದರೂ ಕೇರಿಯ ಒಳಗೆ ಕಾಲಿಡಲಿಲ್ಲ. ಬಾಣಂತಿಯನ್ನೂ ಹಸುಗೂಸನ್ನೂ ಹೊರಗೆ ಕರೆತರಬೇಕಾಯಿತು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನರ ಕೈಗೆ ಕೊಟ್ಟ. ಅವರು ಮಾಸ್ತರರಿಗೆ ಕೊಟ್ಟರು, ಮಾಸ್ತರರು ಹೆಂಡತಿಗೆ ಕೊಟ್ಟರು. ವಾಪಸ್ಸು ಬಂದಿದ್ದೂ ಅದೇ ದಾರಿಯಲ್ಲಿ. ದೀಪದ ಬೆಳಕಲ್ಲಿ ಅದನ್ನು ನೋಡಿ 'ನ್ಯುಮೋನಿಯಾ' ಅಂತ ಹೇಳಿ ಹೊರಟ. ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟ ಮಾತೇ ಆ ಪತ್ರದಲ್ಲಿ ಇಲ್ಲ. ಮತ್ತೆ ಕರೆದಾಗ ಬರಲಿಲ್ಲ. ಆಕೆ ತೀರಿಕೊಂಡಳು.

ಆಕೆಯನ್ನು ಕೊಂದಿದ್ದು ನ್ಯುಮೋನಿಯಾ ಒಂದೇನಾ? ಡಾಕ್ಟರಿಗೂ ಆಕೆಯ ಎದೆಗೂ ನಡುವೆ ಇದ್ದ ಆ ನಾಲ್ಕು ಮಾರು ದೂರಕ್ಕೂ ಅದರಲ್ಲಿ ಪಾಲಿದೆ. ಈ 'ದೂರ' ಅನ್ನೋ ಪದವನ್ನು ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಬಾಬಾಸಾಹೇಬರಿಗೆ ಈ ಪತ್ರ ಯಾಕೆ ತಟ್ಟಿರಬಹುದು ಅಂತ ಯೋಚನೆ ಮಾಡಿ. ಅವರಿಗೂ ರಮಾಬಾಯಿಯವರಿಗೂ ಹುಟ್ಟಿದ ಐದು ಮಕ್ಕಳಲ್ಲಿ ಉಳಿದಿದ್ದು ಯಶವಂತ ಒಬ್ಬರೇ. ಕೊನೆಯ ಮಗ ರಾಜರತ್ನ ತೀರಿಕೊಂಡಿದ್ದು 1926ರ ಜುಲೈನಲ್ಲಿ. ಅಷ್ಟೊತ್ತಿಗೆ ತಂದೆ ಲಂಡನ್ನಿನಲ್ಲಿ ಡಿ.ಎಸ್‌ಸಿ. ಪದವಿ ಪಡೆದಿದ್ದವರು, ಬ್ಯಾರಿಸ್ಟರು. ಆದರೆ ಸಂಸಾರ ಇದ್ದಿದ್ದು ಪರೇಲಿನ ಚಾಳಿನ ಎರಡು ಕೋಣೆಗಳಲ್ಲಿ. ಎರಡು ವರ್ಷದ ನಂತರ, 1928ರಲ್ಲಿ, ಮುಂಬೈ ವಿಧಾನ ಪರಿಷತ್ತಿನಲ್ಲಿ ಕಾರ್ಖಾನೆ ಹೆಂಗಸರ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅದರ ಪರವಾಗಿ ಎದ್ದು ಮಾತಾಡಿದರು. ತಾಯಿಗೆ ವಿಶ್ರಾಂತಿ ಸಿಗೋದು ಇಡೀ ನಾಡಿನ ಹಿತ, ಅದರ ಖರ್ಚಲ್ಲಿ ಮಾಲೀಕನೂ ಪಾಲು ಹೊರಬೇಕು ಅನ್ನೋದು ಅವರ ವಾದ. ಮಗುವಿನ ಜೀವ ಉಳಿಯಬೇಕಾದರೆ ತಾಯಿಯ ಕೂಲಿಯೂ ಉಳಿಯಬೇಕು ಅನ್ನೋ ಲೆಕ್ಕ ಅವತ್ತೇ ಸದನದಲ್ಲಿ ಮಂಡನೆಯಾಗಿತ್ತು.

ಈಗ ನಮ್ಮ ಸೀಮೆಗೆ ಬರೋಣ.

ಸಾಗರ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಕಾಗೋಡು ಸತ್ಯಾಗ್ರಹ. 1951ರಲ್ಲಿ ದೀವರ ಸಮುದಾಯದ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ, ಗೇಣಿ ಅಳೆಯುವ ಕೊಳಗದ ಮೋಸದ ವಿರುದ್ಧ ಎದ್ದು ನಿಂತರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದರ ಫಲವಾಗಿ, ಇನ್ನೂ ಎಷ್ಟೋ ಹೋರಾಟಗಳ ಫಲವಾಗಿ, 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ 'ಉಳುವವನೇ ಹೊಲದೊಡೆಯ' ಕಾನೂನು ಜಾರಿಯಾಯಿತು. ಆ ಹೋರಾಟಕ್ಕೆ ನನ್ನ ದೊಡ್ಡ ಸಲಾಮ್. ಆದರೆ ಕಾನೂನು ಭೂಮಿ ಕೊಟ್ಟಿದ್ದು ಗೇಣಿದಾರನಿಗೆ. ಗೇಣಿ ಚೀಟಿಯೂ ಇಲ್ಲದೆ ಬರೀ ಕೂಲಿ ಮಾಡ್ತಿದ್ದ ನಮ್ಮ ಹೆಚ್ಚಿನ ಜನಕ್ಕೆ ಅರ್ಜಿ ಹಾಕೋಕೆ ಕಾಲಂ ಎಲ್ಲಿತ್ತು?

ಭೂಮಿಗೂ ಮಗುವಿನ ಉಬ್ಬಸಕ್ಕೂ ಏನ್ರೀ ಸಂಬಂಧ ಅಂತೀರಾ? ಅಡಿಕೆ ಸುಗ್ಗಿಯಲ್ಲಿ ಬಂದು ನೋಡಿ. ದೀಪಾವಳಿ ಕಳೆದ ಮೇಲೆ ಕೊಯ್ಲು ಜೋರು. ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ತನಕ ಅಡಿಕೆ ಸುಲೀತಾರೆ. ಈಗ ಎಷ್ಟೋ ಕಡೆ ಸುಲಿಯುವ ಮೆಷಿನ್ ಬಂದಿದೆ, ಆದರೂ ಕೈಸುಲಿತ ಪೂರ್ತಿ ನಿಂತಿಲ್ಲ. ಪಕ್ಕದಲ್ಲೇ ಅಡಿಕೆ ಬೇಯಿಸುವ ಹಂಡೆ, ಅದರ ಕೆಳಗೆ ಹಸಿಕಟ್ಟಿಗೆಯ ಹೊಗೆ. ಮನೆಯಲ್ಲಿ ಮಗು ನೋಡ್ಕೊಳ್ಳೋರು ಇಲ್ಲದ ತಾಯಿ, ಮಗುವನ್ನೂ ಕರ್ಕೊಂಡೇ ಬಂದಿರ್ತಾಳೆ. ಅದು ಅಲ್ಲೇ ಗೋಣಿಚೀಲದ ಮೇಲೆ ಮಲಗಿರುತ್ತೆ. ಅಡಿಕೆಯ ರೇಟು ಮಂಡಿಯಲ್ಲಿ ತೀರ್ಮಾನ ಆಗುತ್ತೆ. ಹೊಗೆಯ ಲೆಕ್ಕ ಯಾವ ಮಂಡಿಯಲ್ಲೂ ಇಲ್ಲ.

ಮನೆಗೆ ಹೋದರೂ ಹೊಗೆ ತಪ್ಪಲ್ಲ. 2016ರಲ್ಲಿ ಉಜ್ವಲ ಬಂತು, ಎಷ್ಟೋ ಮನೆಗೆ ಸಿಲಿಂಡರ್ ಬಂತು. ಆದರೆ ರೀಫಿಲ್‌ಗೆ ದುಡ್ಡು ಹೊಂದಿಸೋದು ಕಷ್ಟ ಆದಾಗ ಮತ್ತೆ ಕಟ್ಟಿಗೆ ಒಲೆ. ಗ್ಯಾಸ್ ಇದ್ದವರ ಮನೆಯಲ್ಲೂ ಬಚ್ಚಲ ಹಂಡೆ ಕಾಯೋದು ಕಟ್ಟಿಗೆಯಿಂದಲೇ. ಒಂದೇ ಕೋಣೆ, ಅದೇ ಒಲೆ, ಅದೇ ಹಾಸಿಗೆ. ಮಳೆಗಾಲದಲ್ಲಿ ಗೋಡೆ ಬೆವರುತ್ತೆ, ಕಂಬಳಿಗೆ ಬೂಷ್ಟು ಹಿಡಿಯುತ್ತೆ. ಆಗುಂಬೆ, ಹುಲಿಕಲ್ಲಿನ ಮಳೆಯನ್ನು ನೋಡೋಕೆ ಪ್ರವಾಸಿಗರು ಬರ್ತಾರೆ, ಫೋಟೋ ಹಾಕ್ತಾರೆ. ಅದೇ ಮಳೆ ಕೇರಿಯ ಗೋಡೆಯೊಳಗೆ ಇಳಿದಾಗ ಮಗುವಿನ ಎದೆಗೂ ಇಳಿಯುತ್ತೆ. ಹೊಗೆ, ಬೂಷ್ಟು, ಪದೇ ಪದೇ ಬರುವ ನೆಗಡಿ, ಈ ಮೂರೂ ಉಬ್ಬಸವನ್ನು ಕೆರಳಿಸುತ್ತವೆ ಅಂತ ಡಾಕ್ಟರುಗಳೇ ಹೇಳ್ತಾರೆ. ಕೆಲವರ ಮನೆತನದಲ್ಲಿ ಅಸ್ತಮಾ ಇರೋದು ನಿಜ. ಆದರೆ ಅದು ಎಷ್ಟು ಸಲ ಕೆರಳಬೇಕು ಅಂತ ತೀರ್ಮಾನ ಮಾಡೋದರಲ್ಲಿ ಮನೆಯ ಗೋಡೆಗೂ ಒಲೆಗೂ ದೊಡ್ಡ ಪಾಲಿದೆ.

ಇನ್ನು ದೂರದ ವಿಷಯ. ಶರಾವತಿಗೆ ಮೊದಲು ಹಿರೇಭಾಸ್ಕರ ಅಣೆಕಟ್ಟು, ಆಮೇಲೆ 1964ರಲ್ಲಿ ಲಿಂಗನಮಕ್ಕಿ. ನಾಡಿಗೆಲ್ಲ ಕರೆಂಟು ಹೋಯಿತು. ಹಿನ್ನೀರಿನಲ್ಲಿ ಊರೂರೇ ಮುಳುಗಿದವು. ಕರೂರು-ಬಾರಂಗಿ ಹೋಬಳಿಯ ಜನಕ್ಕೂ ಸಾಗರ ಪೇಟೆಗೂ ನಡುವೆ ನೀರು ನಿಂತಿತು. ಅಂಬಾರಗೋಡ್ಲು-ಕಳಸವಳ್ಳಿ ಮಧ್ಯೆ ಲಾಂಚ್ ಒಂದೇ ದಾರಿಯಾಗಿತ್ತು. ಲಾಂಚ್ ರಾತ್ರಿ ಓಡ್ತಿರಲಿಲ್ಲ. ಉಬ್ಬಸ ಜೋರಾಗೋದು ಯಾವಾಗ? ರಾತ್ರಿ, ಅದರಲ್ಲೂ ಬೆಳಗಿನ ಜಾವ. ತುಮರಿ ಕಡೆಯ ತಂದೆ ತಾಯಿಗೆ ಇದ್ದಿದ್ದು ಎರಡೇ ಆಯ್ಕೆ. ಹೊಸನಗರದ ಕಡೆಯಿಂದ ಕಾಡುದಾರಿ ಸುತ್ತಿಕೊಂಡು ಹೋಗೋದು, ಇಲ್ಲಾ ಮಗುವನ್ನು ಎದೆಗೆ ಒರಗಿಸಿ ಕೂರಿಸಿಕೊಂಡು ಬೆಳಕಾಗೋದನ್ನು ಕಾಯೋದು. ಅಲ್ಲಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ಕ್ಕೆ. ಅಣೆಕಟ್ಟಿಗೂ ಸೇತುವೆಗೂ ಮಧ್ಯೆ ಅರವತ್ತೊಂದು ವರ್ಷ! ಈ ಸಂಕಟ ಜಾತಿ ನೋಡದೆ ಎಲ್ಲರನ್ನೂ ಹಿಡಿದಿತ್ತು ನಿಜ. ಆದರೆ ರಾತ್ರಿ ಹೊತ್ತಲ್ಲಿ ಜೀಪು ಇದ್ದವನ ಕಾಯುವಿಕೆ ಬೇರೆ, ಜೀಪಿನವನ ಬಾಗಿಲು ಬಡಿದು ಬೇಡಬೇಕಾದವನ ಕಾಯುವಿಕೆ ಬೇರೆ.

ಸಾಗರದಲ್ಲಿ ಆಗಲ್ಲ ಅಂದರೆ ಶಿವಮೊಗ್ಗದ ಮೆಗ್ಗಾನ್. ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು. 2008ರಿಂದ 108 ಆಂಬುಲೆನ್ಸ್ ಇದೆ, 2018ರಿಂದ ಆಯುಷ್ಮಾನ್ ಕಾರ್ಡ್ ಇದೆ, ಒಳ್ಳೆಯದೇ. ಆದರೆ ಹೋಗುವಾಗ ಆಂಬುಲೆನ್ಸ್, ಬರುವಾಗ ಬಸ್ಸು. ತಾಯಿಯ ಊಟ, ಮನೆಯಲ್ಲಿ ಉಳಿದ ಮಕ್ಕಳು, ನಾಲ್ಕು ದಿನದ ಕೂಲಿ, ಇವಕ್ಕೆ ಯಾವ ಕಾರ್ಡೂ ಇಲ್ಲ. ಕಾರ್ಖಾನೆಯವರಿಗೆ ಇಎಸ್‌ಐ ಇದೆ. ತೋಟದಲ್ಲಿ ದಿನಗೂಲಿ ಮಾಡುವ ತಾಯಿಗೆ ಏನಿದೆ? 1928ರ ಆ ಲೆಕ್ಕ ಮುಂಬೈನ ಗಿರಣಿಯಿಂದ ಮಲೆನಾಡಿನ ತೋಟಕ್ಕೆ ಇನ್ನೂ ತಲುಪಿಲ್ಲ.

ಈಗ ಔಷಧದ ಚರಿತ್ರೆ. ಇದನ್ನು ಗಮನ ಇಟ್ಟು ಓದಿ. 1955ರಲ್ಲಿ ಅಮೆರಿಕದಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳು ತನ್ನ ಅಸ್ತಮಾ ಔಷಧವೂ ಕೂದಲಿಗೆ ಹೊಡೆಯುವ ಸ್ಪ್ರೇ ಥರ ಯಾಕೆ ಬರಲ್ಲ ಅಂತ ಅಪ್ಪನನ್ನು ಕೇಳಿದಳು. ಅಪ್ಪ ಜಾರ್ಜ್ ಮೈಸನ್ ರೈಕರ್ ಅನ್ನೋ ಔಷಧ ಕಂಪನಿಯ ಮುಖ್ಯಸ್ಥ. ಮರುವರ್ಷ, 1956ರಲ್ಲಿ, ಇನ್‌ಹೇಲರ್ ಮಾರುಕಟ್ಟೆಗೆ ಬಂತು! 1969ರಲ್ಲಿ ಸಾಲ್‌ಬುಟಮಾಲ್ ಬಂತು. ಆಮೇಲೆ ಬುಡೆಸೊನೈಡ್ ಥರದ, ಶ್ವಾಸನಾಳದ ಊತ ಇಳಿಸುವ ಇನ್‌ಹೇಲರ್ ಬಂತು. ಮೊದಲನೆಯದು ಉಬ್ಬಸ ಬಂದಾಗ ಬಿಡಿಸೋದು. ಎರಡನೆಯದು ಬರದಂತೆ ತಡೆಯೋದು. ಅದನ್ನು ಮಗು ಚೆನ್ನಾಗಿದ್ದಾಗಲೂ ಡಾಕ್ಟರು ಹೇಳಿದಷ್ಟು ಕಾಲ ದಿನಾ ಕೊಡಬೇಕು. 'ಪಂಪು ಚಟ ಆಗುತ್ತೆ' ಅನ್ನೋದು ಸುಳ್ಳು. ಐದು ವರ್ಷದೊಳಗಿನ ಮಕ್ಕಳ ಸುಯ್ ಸದ್ದೆಲ್ಲ ಅಸ್ತಮಾ ಅಲ್ಲ, ಅದನ್ನು ಡಾಕ್ಟರೇ ನೋಡಿ ಹೇಳಬೇಕು. ಆದರೆ ತಿಂಗಳು ತಿಂಗಳು ಅಡ್ಮಿಟ್ ಆಗೋ ಮಗುವಿಗೆ 'ಬರದಂತೆ ತಡೆಯುವ ಔಷಧ ಬೇಕಾ?' ಅಂತ ಕೇಳುವ ಹಕ್ಕು ನಿಮಗಿದೆ, ಕೇಳಿ.

ಸಣ್ಣ ಮಕ್ಕಳಿಗೆ ಇನ್‌ಹೇಲರ್ ಜೊತೆ ಮಾಸ್ಕ್ ಇರುವ ಸ್ಪೇಸರ್ ಅನ್ನೋ ಕೊಳವೆ ಬೇಕು. ಅದು ಸಿಗದ ಕಡೆ ಏನು ಮಾಡೋದು? ವರ್ಣಭೇದದ ಆಳ್ವಿಕೆಯಿಂದ ಆಗಷ್ಟೇ ಹೊರಬಂದಿದ್ದ ದಕ್ಷಿಣ ಆಫ್ರಿಕಾದಲ್ಲಿ, ಕೇಪ್‌ಟೌನಿನ ಮಕ್ಕಳ ವೈದ್ಯೆ ಹೆದರ್ ಝಾರ್ ಮತ್ತು ಸಂಗಡಿಗರು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನೇ ಸ್ಪೇಸರ್ ಮಾಡಿ ಪರೀಕ್ಷೆ ಮಾಡಿದರು. ಸರಿಯಾಗಿ ಸೀಲ್ ಮಾಡಿದ ಬಾಟಲಿ ಕಂಪನಿಯ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡಿತು. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಬಡವರ ಮಕ್ಕಳನ್ನು ಕಣ್ಣಮುಂದೆ ಇಟ್ಟುಕೊಂಡು ಯೋಚಿಸಿದರೆ ವಿಜ್ಞಾನ ಹೀಗೂ ಇರುತ್ತೆ. (ಮನೆಯಲ್ಲಿ ನೀವಾಗೇ ಪ್ರಯೋಗ ಮಾಡಬೇಡಿ, ಡಾಕ್ಟರು ಅಥವಾ ನರ್ಸ್ ಹತ್ತಿರ ಕೇಳಿ ಕಲೀರಿ.)

ಹಾಗಾದರೆ ನಮ್ಮ ಮಗು ಮತ್ತೆ ಮತ್ತೆ ವಾರ್ಡಿಗೆ ಯಾಕೆ ಬರುತ್ತೆ? ನಮ್ಮ ವಿಮಾ ಯೋಜನೆಗಳು ಮುಖ್ಯವಾಗಿ ದುಡ್ಡು ಕಟ್ಟೋದು ಅಡ್ಮಿಟ್ ಆದಾಗ. ಅಡ್ಮಿಟ್ ಆಗದ ಹಾಗೆ ನೋಡಿಕೊಳ್ಳುವ ಇನ್‌ಹೇಲರನ್ನು ಹೊರಗಿನ ಅಂಗಡಿಯಲ್ಲಿ ಬರೆದುಕೊಟ್ಟರೆ ಕೂಲಿಯ ದುಡ್ಡಲ್ಲಿ ಕೊಳ್ಳಬೇಕು. ಒಂದು ತಿಂಗಳು ಕೊಳ್ತಾರೆ, ಮಗು ಚೆನ್ನಾಗಾಗುತ್ತೆ, ಎರಡನೇ ತಿಂಗಳು ದುಡ್ಡಿಲ್ಲ. ಮತ್ತೆ ಮೋಡ ಕಟ್ಟುತ್ತೆ, ಮತ್ತೆ ಉಬ್ಬಸ. 1929ರಲ್ಲಿ ಡಾಕ್ಟರು ಕೇರಿಯ ಹೊರಗೆ ನಿಂತಿದ್ದ. ಇವತ್ತು ಔಷಧ ನಿಂತಿದೆ. ಇವತ್ತಿನ ದೂರಕ್ಕೆ ಮೈಲಿಗೆ ಅನ್ನೋ ಹೆಸರಿಲ್ಲ, 'ಸ್ಟಾಕ್ ಇಲ್ಲ' ಅನ್ನೋ ಹೆಸರಿದೆ.

ಈ ಜಿಲ್ಲೆ ಸುಮ್ಮನೆ ಕೂತ ಜಿಲ್ಲೆ ಅಲ್ಲ. ಭದ್ರಾವತಿಯಲ್ಲಿ ಪಾಠ ಹೇಳ್ತಿದ್ದ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ ನೆಲ ಇದು. ಕಾನೂನೂ ನಮ್ಮ ಕಡೆ ಇದೆ. 1996ರಲ್ಲಿ ಪಶ್ಚಿಮ ಬಂಗಾಳದ ಕೃಷಿ ಕೂಲಿಕಾರರ ಸಂಘಟನೆ, ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ, ಸುಪ್ರೀಂ ಕೋರ್ಟಿನಲ್ಲಿ ಒಂದು ಕೇಸು ಗೆದ್ದಿತು. ತುರ್ತು ಸಮಯದಲ್ಲಿ ಸರ್ಕಾರಿ ಆಸ್ಪತ್ರೆ ಚಿಕಿತ್ಸೆ ಕೊಡದಿದ್ದರೆ ಅದು ಸಂವಿಧಾನದ 21ನೇ ವಿಧಿಯ, ಅಂದರೆ ಬದುಕುವ ಹಕ್ಕಿನ ಉಲ್ಲಂಘನೆ ಅಂತ ಕೋರ್ಟು ಹೇಳಿತು. ದುಡ್ಡಿಲ್ಲ ಅನ್ನೋದು ನೆಪ ಆಗಲ್ಲ ಅಂತಲೂ ಹೇಳಿತು. ಗೆದ್ದವರು ನಮ್ಮಂಥ ಕೂಲಿಕಾರರೇ ಕಣ್ರೀ.

ಹಾಗಾಗಿ ಸಂಗಾತಿಗಳಲ್ಲಿ ನನ್ನ ಮನವಿ ಇಷ್ಟು:

1. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಮೂರು ವಿಷಯ ಕೇಳಿ. ಸಾಲ್‌ಬುಟಮಾಲ್ ಇನ್‌ಹೇಲರ್ ಇದೆಯಾ? ಬುಡೆಸೊನೈಡ್ ಇನ್‌ಹೇಲರ್ ಇದೆಯಾ? ಮಕ್ಕಳ ಮಾಸ್ಕ್ ಇರುವ ಸ್ಪೇಸರ್ ಇದೆಯಾ? ಎರಡೂ ಔಷಧ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಬಾಯಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

2. ಮಗುವಿನ ಜೊತೆ ಆಸ್ಪತ್ರೆಯಲ್ಲಿ ಉಳಿಯುವ ಕೂಲಿ ತಾಯಿಗೆ ಅಷ್ಟು ದಿನದ ಕೂಲಿ ಭತ್ಯೆ ಬೇಕು. ಇದನ್ನು ನಮ್ಮ ಬೇಡಿಕೆ ಪಟ್ಟಿಯಲ್ಲಿ ಸೇರಿಸೋಣ. ಇದು ಭಿಕ್ಷೆ ಅಲ್ಲ, ಬಾಬಾಸಾಹೇಬರು ಸದನದಲ್ಲಿ ಮಂಡಿಸಿದ ತತ್ವದ ಮುಂದುವರಿಕೆ.

3. ವಸತಿ ಯೋಜನೆಯ ಮನೆ ಅಂದರೆ ನಾಲ್ಕು ಗೋಡೆ ಅಷ್ಟೇ ಅಲ್ಲ. ಹೊಗೆ ಹೊರಹೋಗುವ ಅಡುಗೆಮನೆ, ಬೇರೆ ಮಲಗುವ ಕೋಣೆ, ಥಂಡಿ ಏರದ ಗೋಡೆ ಬೇಕು ಅಂತ ಗ್ರಾಮಸಭೆಯಲ್ಲಿ ಬರೆಸಿ.

4. ಕೊನೆಯದು, ತುರ್ತಿನದು. ಮಗುವಿನ ಪಕ್ಕೆ ಒಳಗೆ ಎಳೆದುಕೊಳ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಕುಡಿಯೋಕೂ ಆಗದಿದ್ದರೆ ಬೆಳಗಾಗೋ ತನಕ ಕಾಯಬೇಡಿ. ಕಷಾಯ, ಅಂತ್ರ, ಹರಕೆ ಅಂತ ಹೊತ್ತು ಕಳೀಬೇಡಿ. 108ಕ್ಕೆ ಫೋನ್ ಮಾಡಿ. ಪಕ್ಕದ ಮನೆಯವರನ್ನು ಎಬ್ಬಿಸಿ. ನಮ್ಮ ಸಂಘಟನೆಯ ಹುಡುಗರ ನಂಬರ್ ಇಂಥ ಹೊತ್ತಿಗೂ ಇರೋದು, ಬರೀ ಜಯಂತಿಗೆ ಅಲ್ಲ.

ಇನ್ನು ಮೇಲೆ ಯಾವ ತಾಯಿಯಾದರೂ 'ಹಣೆಬರಹ' ಅಂದರೆ ಅವಳ ಪಕ್ಕ ಕೂತು ಈ ಚರಿತ್ರೆ ಹೇಳಿ. ಹೇಳಿದ ಮೇಲೆ ಎದ್ದು, ಅವಳ ಜೊತೆ ಔಷಧ ಕೊಡುವ ಕಿಟಕಿಯ ತನಕ ನಡೀರಿ.

ನಿಮ್ಮ ಕೇಂದ್ರದಲ್ಲಿ ಆ ಮೂರು ಪ್ರಶ್ನೆಗೆ ಏನು ಉತ್ತರ ಸಿಕ್ಕಿತು ಅಂತ ಕೆಳಗೆ ಊರಿನ ಹೆಸರಿನ ಸಮೇತ ಬರೀರಿ. ಲೆಕ್ಕ ಕೂಡಿಸೋಣ, ತಹಶೀಲ್ದಾರರ ಮೇಜಿನ ಮೇಲೆ ಇಡೋಣ.

ಜೈ ಭೀಮ್.