ಭಾವಿ ತಂದೆತಾಯಿಯರ ನಿಯತಕಾಲಿಕೆಗಳು

ಭಾವಿ ತಂದೆತಾಯಿಯರ ನಿಯತಕಾಲಿಕೆಗಳು ಎಂದರೆ ಮಗುವಿನ ನಿರೀಕ್ಷೆಯಲ್ಲಿರುವ ದಂಪತಿಗಳಿಗಾಗಿ ಗರ್ಭಧಾರಣೆ, ಹೆರಿಗೆ, ಬಾಣಂತನ ಮತ್ತು ನವಜಾತ ಶಿಶುವಿನ ಆರೈಕೆಯನ್ನು ಕುರಿತು ಮಾಹಿತಿ ನೀಡುವ ಪತ್ರಿಕೆಗಳು. ವೈದ್ಯಕೀಯ ವಿಷಯಗಳನ್ನು ಸಾಮಾನ್ಯ ಓದುಗರಿಗೆ ತಿಳಿಯುವ ಭಾಷೆಯಲ್ಲಿ ನಿರೂಪಿಸುವುದು ಇವುಗಳ ಮುಖ್ಯ ಉಪಯೋಗವಾಗಿದೆ. ಜಾಹೀರಾತುಗಳ ಮೇಲಿನ ಅವಲಂಬನೆ ಮತ್ತು ಕಾಲಾಂತರದಲ್ಲಿ ಹಳತಾಗುವ ಸಲಹೆಗಳು ಇವುಗಳ ಪ್ರಮುಖ ಮಿತಿಗಳಾಗಿವೆ.

ಇತಿಹಾಸ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1912ರಲ್ಲಿ ಸ್ಥಾಪನೆಯಾದ ಸರ್ಕಾರಿ ಮಕ್ಕಳ ಬ್ಯೂರೋ, 1913ರಲ್ಲಿ 'ಪ್ರಿನೇಟಲ್ ಕೇರ್' ಮತ್ತು 1914ರಲ್ಲಿ 'ಇನ್‌ಫೆಂಟ್ ಕೇರ್' ಎಂಬ ಕಿರುಹೊತ್ತಗೆಗಳನ್ನು ಪ್ರಕಟಿಸಿತು. 1926ರ ಅಕ್ಟೋಬರ್‌ನಲ್ಲಿ ಜಾರ್ಜ್ ಹೆಕ್ಟ್ ಆರಂಭಿಸಿದ ಮಾಸಪತ್ರಿಕೆಯು ಮುಂದೆ 'ಪೇರೆಂಟ್ಸ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅದರ ಮುದ್ರಿತ ಆವೃತ್ತಿಯ ನಿಯಮಿತ ಪ್ರಕಟಣೆಯು 2022ರಲ್ಲಿ ಕೊನೆಗೊಂಡಿತು. ಜಪಾನಿನಲ್ಲಿ 1993ರಲ್ಲಿ ಎರಡು ಜೋಡಿ ಪತ್ರಿಕೆಗಳು ಆರಂಭವಾದವು: ಗರ್ಭಿಣಿಯರಿಗಾಗಿ 'ತಮಾಗೊ ಕ್ಲಬ್' ಮತ್ತು ಎಳೆಯ ಮಕ್ಕಳ ಪೋಷಕರಿಗಾಗಿ 'ಹಿಯೋಕೊ ಕ್ಲಬ್'. ಜಪಾನೀ ಭಾಷೆಯಲ್ಲಿ 'ತಮಾಗೊ' ಎಂದರೆ ಮೊಟ್ಟೆ, 'ಹಿಯೋಕೊ' ಎಂದರೆ ಕೋಳಿಮರಿ.

ಕನ್ನಡದಲ್ಲಿ ಇಂತಹ ಮಾಹಿತಿಯು ವಾರಪತ್ರಿಕೆ ಹಾಗೂ ಮಾಸಪತ್ರಿಕೆಗಳ ಆರೋಗ್ಯ ಅಂಕಣಗಳು, ಮಹಿಳಾ ಪುಟಗಳು ಮತ್ತು ವೈದ್ಯಸಾಹಿತ್ಯದ ಮೂಲಕ ಓದುಗರನ್ನು ತಲುಪಿದೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರ 'ತಾಯಿ-ಮಗು' ಮತ್ತು 'ವಧುವಿಗೆ ಕಿವಿಮಾತು' ಈ ಪರಂಪರೆಯ ಪ್ರಸಿದ್ಧ ಕೃತಿಗಳು.

ಉಪಯೋಗಗಳು

ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯು ಗರ್ಭಾವಸ್ಥೆಯಲ್ಲಿ ಕನಿಷ್ಠ 8 ಬಾರಿ ಆರೋಗ್ಯ ಸಿಬ್ಬಂದಿಯನ್ನು ಭೇಟಿ ಮಾಡಬೇಕೆಂದು ಶಿಫಾರಸು ಮಾಡುತ್ತದೆ. ಒಂದು ಭೇಟಿಗೂ ಮತ್ತೊಂದಕ್ಕೂ ನಡುವೆ ಹಲವು ವಾರಗಳ ಅಂತರವಿರಬಹುದು. ಈ ಅವಧಿಯಲ್ಲಿ ಮೂಡುವ ಸಂದೇಹಗಳನ್ನು ಗುರುತಿಸಿಕೊಂಡು, ಮುಂದಿನ ಭೇಟಿಯಲ್ಲಿ ಸರಿಯಾದ ಪ್ರಶ್ನೆ ಕೇಳಲು ಪತ್ರಿಕೆಯ ಓದು ನೆರವಾಗುತ್ತದೆ. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳ ಹಠಾತ್ ಊತ, ಮಗುವಿನ ಚಲನೆ ಕಡಿಮೆಯಾಗುವುದು ಮುಂತಾದ ಅಪಾಯದ ಲಕ್ಷಣಗಳನ್ನು ಮೊದಲೇ ತಿಳಿದವರು ಆಸ್ಪತ್ರೆಗೆ ಹೋಗಲು ತಡಮಾಡುವ ಸಂಭವ ಕಡಿಮೆ.

ತವರುಮನೆಯಿಂದ ದೂರದ ಊರುಗಳಲ್ಲಿ ನೆಲೆಸಿದ ಚಿಕ್ಕ ಕುಟುಂಬಗಳಲ್ಲಿ ಹಿರಿಯರ ತಿಳಿವಳಿಕೆ ದಿನವೂ ದೊರೆಯುವುದಿಲ್ಲ. ಇಂತಹ ಕುಟುಂಬಗಳಿಗೆ ಪತ್ರಿಕೆಗಳು ಹೆಚ್ಚು ಉಪಯುಕ್ತವಾಗಿವೆ. ಹೆರಿಗೆಯನ್ನು ಹೆಂಗಸರ ವಿಷಯವೆಂದು ದೂರವಿರಿಸುವ ಪರಿಪಾಠವಿರುವಲ್ಲಿ, ತಂದೆಯಾಗಲಿರುವವರಿಗೆ ಅವರ ಹೊಣೆಯನ್ನು ತಿಳಿಸುವ ಲೇಖನಗಳಿಗೂ ಮಹತ್ವವಿದೆ.

ಮಿತಿಗಳು

ತಲುಪುವ ಸಮಯ: ಮಗುವಿನ ಮಿದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವ ನರನಾಳವು ಗರ್ಭಧಾರಣೆಯ ನಂತರದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಗರ್ಭಧಾರಣೆಗೆ ಪ್ರಯತ್ನಿಸುವ ಹಂತದಿಂದ 12ನೆಯ ವಾರದವರೆಗೆ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲದ ಸೇವನೆಯನ್ನು ಶಿಫಾರಸು ಮಾಡಲಾಗುತ್ತದೆ. ಗರ್ಭ ನಿಂತಿರುವುದು ಖಚಿತವಾದ ಮೇಲೆ ಪತ್ರಿಕೆ ಕೈಗೆತ್ತಿಕೊಳ್ಳುವ ಓದುಗರಿಗೆ ಈ ಮಾಹಿತಿ ತಡವಾಗಿ ದೊರೆಯಬಹುದು.

ಹಳತಾಗುವ ಸಲಹೆ: ಶಿಶುವನ್ನು ಬೋರಲಾಗಿ ಮಲಗಿಸಬೇಕೆಂಬ ಸಲಹೆಯು ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಹಲವು ದಶಕಗಳ ಕಾಲ ಪಾಶ್ಚಾತ್ಯ ದೇಶಗಳ ಶಿಶುಪಾಲನಾ ಪುಸ್ತಕಗಳಲ್ಲಿ ಪ್ರಚಲಿತವಾಗಿತ್ತು. ಹೀಗೆ ಮಲಗಿಸುವುದರಿಂದ ಶಿಶುಗಳ ಹಠಾತ್ ಮರಣದ ಅಪಾಯ ಹೆಚ್ಚುತ್ತದೆಂದು ಸಂಶೋಧನೆಗಳು ತೋರಿಸಿದ ನಂತರ ಸಲಹೆ ಬದಲಾಯಿತು. ಅಮೆರಿಕದಲ್ಲಿ ಅಂಗಾತ ಮಲಗಿಸುವಂತೆ ತಿಳಿಸುವ ರಾಷ್ಟ್ರೀಯ ಅಭಿಯಾನವು 1994ರಲ್ಲಿ ಆರಂಭವಾಯಿತು. ಆದರೆ ಅಲ್ಲಿನ ಯುವತಿಯರು ಓದುವ ನಿಯತಕಾಲಿಕೆಗಳ ಚಿತ್ರಗಳನ್ನು ಪರಿಶೀಲಿಸಿ 'ಪೀಡಿಯಾಟ್ರಿಕ್ಸ್' ವೈದ್ಯಕೀಯ ಪತ್ರಿಕೆಯಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಲಗಿರುವ ಶಿಶುಗಳ ಚಿತ್ರಗಳಲ್ಲಿ ಸುಮಾರು ಮೂರನೇ ಒಂದು ಭಾಗವು ಸುರಕ್ಷಿತವಲ್ಲದ ಭಂಗಿಯನ್ನು ತೋರಿಸಿದ್ದವು. ಮೆತ್ತನೆಯ ಹಾಸು, ದಿಂಬು ಮುಂತಾದವುಗಳೂ ಅನೇಕ ಚಿತ್ರಗಳಲ್ಲಿದ್ದವು. ಲೇಖನದ ಸಲಹೆಯಷ್ಟೇ ಚಿತ್ರಗಳೂ ಜಾಹೀರಾತುಗಳೂ ಪರಿಣಾಮ ಬೀರಬಲ್ಲವು ಎಂಬುದನ್ನು ಇದು ಸೂಚಿಸುತ್ತದೆ.

ವಾಣಿಜ್ಯ ಹಿತಾಸಕ್ತಿ: ಮೊದಲ ಮಗುವಿನ ನಿರೀಕ್ಷೆಯಲ್ಲಿರುವ ಕುಟುಂಬವು ಅನೇಕ ವಸ್ತುಗಳನ್ನು ಹೊಸದಾಗಿ ಕೊಳ್ಳುವುದರಿಂದ, ಶಿಶು ಉತ್ಪನ್ನಗಳ ತಯಾರಕರಿಗೆ ಈ ಪತ್ರಿಕೆಗಳು ಆಕರ್ಷಕ ಮಾಧ್ಯಮವಾಗಿವೆ. ಇದರಿಂದ ಅಗತ್ಯವಾದ ವಸ್ತುವಿಗೂ ಅನಗತ್ಯವಾದ ವಸ್ತುವಿಗೂ ಇರುವ ವ್ಯತ್ಯಾಸ ಮಸುಕಾಗಬಹುದು.

ಆರ್ಥಿಕ ಮತ್ತು ಭಾಷಿಕ ಅಡ್ಡಿಗಳು: ಪತ್ರಿಕೆ ಕೊಳ್ಳಲಾಗದವರು, ಓದಲು ಬಾರದವರು ಹಾಗೂ ತಮ್ಮ ಭಾಷೆಯಲ್ಲಿ ಪತ್ರಿಕೆ ಇಲ್ಲದವರು ಇವುಗಳ ಪ್ರಯೋಜನದಿಂದ ಹೊರಗುಳಿಯುತ್ತಾರೆ.

ಕಾನೂನಿನ ನಿಯಂತ್ರಣ

ವಿಶ್ವ ಆರೋಗ್ಯ ಸಭೆಯು 1981ರಲ್ಲಿ ಎದೆಹಾಲಿನ ಬದಲಿ ಆಹಾರಗಳ ಮಾರಾಟ ಕುರಿತ ಅಂತರರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. ಇದಕ್ಕೆ ಅನುಗುಣವಾಗಿ ಭಾರತವು 1992ರಲ್ಲಿ ಕಾಯಿದೆಯೊಂದನ್ನು ರೂಪಿಸಿ, 2003ರಲ್ಲಿ ತಿದ್ದುಪಡಿ ಮಾಡಿತು. ಅದರಂತೆ ಎರಡು ವರ್ಷದವರೆಗಿನ ಮಕ್ಕಳಿಗಾಗಿ ತಯಾರಿಸಿದ ಹಾಲಿನ ಬದಲಿ ಆಹಾರ, ಇತರ ಶಿಶು ಆಹಾರ ಮತ್ತು ಹಾಲುಣಿಸುವ ಬಾಟಲಿಗಳ ಜಾಹೀರಾತು ನಿಷಿದ್ಧವಾಗಿದೆ. ಭ್ರೂಣಲಿಂಗ ಪತ್ತೆಯ ಕುರಿತ ಜಾಹೀರಾತನ್ನು 1994ರ ಕಾಯಿದೆಯು ನಿಷೇಧಿಸುತ್ತದೆ.

ಇತರ ಮಾಹಿತಿ ಮೂಲಗಳು

ಕರ್ನಾಟಕದಲ್ಲಿ ಗರ್ಭಿಣಿಯರಿಗೆ ನೀಡುವ ತಾಯಿ ಕಾರ್ಡ್‌ನಲ್ಲಿ ತಪಾಸಣೆ ಮತ್ತು ಚುಚ್ಚುಮದ್ದುಗಳ ವಿವರಗಳನ್ನು ದಾಖಲಿಸಲಾಗುತ್ತದೆ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಪತ್ರಿಕೆಗಳು ತಲುಪದ ಮನೆಗಳಿಗೂ ಮಾಹಿತಿ ಒಯ್ಯುತ್ತಾರೆ. ಪತ್ರಿಕೆಯು ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ವಿಷಯವನ್ನು ಹೇಳಬಲ್ಲುದೇ ಹೊರತು, ಒಬ್ಬ ಗರ್ಭಿಣಿಯ ರಕ್ತದೊತ್ತಡ, ಹಿಮೋಗ್ಲೋಬಿನ್ ಪ್ರಮಾಣ ಅಥವಾ ಹಿಂದಿನ ಹೆರಿಗೆಯ ತೊಡಕುಗಳನ್ನು ಅರಿತು ಸಲಹೆ ನೀಡಲಾರದು. ಆದುದರಿಂದ ಪ್ರಕಟವಾದ ವರ್ಷ, ಬರೆದವರ ಅರ್ಹತೆ ಹಾಗೂ ಅದು ಲೇಖನವೋ ಜಾಹೀರಾತೋ ಎಂಬುದನ್ನು ಗಮನಿಸಿ ಓದುವುದು ಮತ್ತು ಔಷಧಿ, ಆಹಾರಪಥ್ಯಗಳ ವಿಷಯದಲ್ಲಿ ವೈದ್ಯರ ಅಭಿಪ್ರಾಯ ಪಡೆಯುವುದು ಅಗತ್ಯವಾಗಿದೆ.